ಘಾಸ್ಟಿನ ಕಣ್ಣೀರು, ದೈತ್ಯನ ಕಾಲ್ಬೆರಳು: ಆಟದ ಚೀಲದಲ್ಲಿರುವ ವಿಚಿತ್ರ ಸಾಮಗ್ರಿಗಳ ಲೆಕ್ಕ

"ಅಣ್ಣ, ನಿನ್ನ ಹತ್ರ ಎಕ್ಸ್‌ಟ್ರಾ ಘಾಸ್ಟ್ ಟಿಯರ್ ಇದ್ಯಾ? ಒಂದು ಕೊಡು, ನಾನು ಎರಡು ಪರ್ಲ್ ಕೊಡ್ತೀನಿ."

ಡೊಂಬಿವಲಿಯ ನಮ್ಮ ಸೊಸೈಟಿಯ ಕನ್ನಡದ ಮನೆಗಳಲ್ಲಿ ಸಂಜೆ ಹೊತ್ತು ಇಂಥ ಮಾತು ಕಿವಿಗೆ ಬೀಳುತ್ತದೆ. ತಮ್ಮ ಇಲ್ಲಿ ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರ್ ಆಟಕ್ಕೆ ಕೂತಿರುತ್ತಾನೆ, ದೊಡ್ಡಪ್ಪನ ಮಗ ಪುಣೆಯಲ್ಲಿ. ಒಳಗೆ ಚಪಾತಿ ಲಟ್ಟಿಸುತ್ತಿರುವ ಅಮ್ಮನಿಗೆ ಒಂದೇ ಚಿಂತೆ: ಇದರಲ್ಲಿ ದುಡ್ಡಿನ ವ್ಯವಹಾರ ಏನಾದರೂ ಇದೆಯಾ? ನಾನೂ ಆಡುವವನು ಅಂತ ಗೊತ್ತಿರುವುದರಿಂದ ಲಿಫ್ಟಿನಲ್ಲಿ ಸಿಕ್ಕಾಗ ಅವರು ನನ್ನನ್ನೇ ಕೇಳುತ್ತಾರೆ. ಲಿಫ್ಟು ಐದನೇ ಮಹಡಿ ತಲುಪುವಷ್ಟರಲ್ಲಿ ಹೇಳಿ ಮುಗಿಯುವ ವಿಷಯ ಇದಲ್ಲ. ಆದ್ದರಿಂದ ಇಲ್ಲಿ ನಿಧಾನವಾಗಿ ಬರೆಯುತ್ತಿದ್ದೇನೆ.

ಮಾಯಾಲೋಕದ ಆಟಗಳಲ್ಲಿ ಕತ್ತಿ, ಔಷಧಿ, ರೆಕ್ಕೆ, ಮಂತ್ರದ ದೀಪ, ಎಲ್ಲವನ್ನೂ ಆಡುವವರೇ ಮಾಡಿಕೊಳ್ಳಬೇಕು. ಅದಕ್ಕೆ ಕ್ರಾಫ್ಟಿಂಗ್ ಅಂತಾರೆ. ಮಾಡಲು ಸಾಮಗ್ರಿ ಬೇಕು. ಕಟ್ಟಿಗೆ, ಕಲ್ಲು, ಕಬ್ಬಿಣ ಎಲ್ಲ ಆಟಗಳಲ್ಲೂ ಇರುತ್ತವೆ. ಮಜಾ ಇರುವುದು ಉಳಿದವುಗಳಲ್ಲಿ. ಭೂತದ ಕಣ್ಣೀರು, ರಾತ್ರಿ ಉದುರುವ ನಕ್ಷತ್ರ, ದೈತ್ಯನ ಕಾಲ್ಬೆರಳು, ಬಾವಲಿಯಂಥ ಪ್ರಾಣಿಯ ಕಣ್ಣುಗುಡ್ಡೆ, ಗುನುಗುವ ಗಿಡ.

ಕಂಪ್ಯೂಟರಿಗೆ ಇವೆಲ್ಲ ಪಟ್ಟಿಯ ಒಂದೊಂದು ಸಾಲು, ಅಷ್ಟೇ. ಹೆಸರು, ಚಿತ್ರ, ಎಲ್ಲಿ ಸಿಗುತ್ತದೆ, ಎಷ್ಟು ಸಲಕ್ಕೊಮ್ಮೆ ಸಿಗುತ್ತದೆ, ಚೀಲದ ಒಂದು ಖಾನೆಯಲ್ಲಿ ಎಷ್ಟು ಹಿಡಿಸುತ್ತದೆ, ಯಾವುದರ ಜೊತೆ ಸೇರಿದರೆ ಏನಾಗುತ್ತದೆ. ಕಣ್ಣೀರಿನ ಬದಲು "ವಸ್ತು ನಂಬರ್ 27" ಅಂತ ಬರೆದಿಟ್ಟರೂ ಲೆಕ್ಕ ಸರಿಯಾಗೇ ನಡೆಯುತ್ತದೆ. ಹಾಗಿದ್ದರೂ ಆಟ ಮಾಡುವವರು ಇಷ್ಟೊಂದು ವಿಚಿತ್ರ ಹೆಸರುಗಳನ್ನು ಯಾಕೆ ಹುಡುಕುತ್ತಾರೆ? ಬರೀ ಚಂದಕ್ಕೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ನನಗೆ ಹಾಗನಿಸುವುದಿಲ್ಲ. ಒಳ್ಳೆಯ ಆಟದಲ್ಲಿ ಸಾಮಗ್ರಿಯ ಹೆಸರೇ ಸುಳಿವು. ಅದು ಎಲ್ಲಿಂದ ಬಂತು, ಯಾವ ಕೆಲಸಕ್ಕೆ ಬರುತ್ತದೆ, ಎರಡನ್ನೂ ಅದೇ ಹೇಳಿಬಿಡುತ್ತದೆ.

ಘಾಸ್ಟ್ ಟಿಯರನ್ನೇ ನೋಡೋಣ. ಇದು ಮೈನ್‌ಕ್ರಾಫ್ಟಿನದು. ಸ್ವೀಡನ್ನಿನ ಮೊಜಾಂಗ್ ಕಂಪನಿಯ ಆಟ, 2011ರ ನವೆಂಬರಿನಲ್ಲಿ ಪೂರ್ಣರೂಪದಲ್ಲಿ ಬಂತು. ಅದರಲ್ಲಿ ನೆದರ್ ಅಂತ ಒಂದು ಬೆಂಕಿಯ ಪಾತಾಳ ಇದೆ. ಅಲ್ಲಿ ಲಾವಾ ಸಮುದ್ರದ ಮೇಲೆ ಬಿಳಿಯ ದೊಡ್ಡ ಪ್ರಾಣಿಯೊಂದು ತೇಲುತ್ತಿರುತ್ತದೆ. ಅದೇ ಘಾಸ್ಟ್. ಮುಖ ಯಾವಾಗಲೂ ಅಳುಮುಖ, ದನಿಯೂ ಮಗು ಅತ್ತ ಹಾಗೆ. ನಿಮ್ಮನ್ನು ಕಂಡರೆ ಬೆಂಕಿ ಉಂಡೆ ಉಗುಳುತ್ತದೆ. ಆ ಉಂಡೆಗೆ ಸರಿಯಾದ ಸಮಯಕ್ಕೆ ಹೊಡೆದರೆ ತಿರುಗಿ ಅದಕ್ಕೇ ಬಡಿಯುತ್ತದೆ. ಸತ್ತಾಗ ಒಂದು ಹನಿ ಕಣ್ಣೀರು ಬೀಳಬಹುದು, ಬೀಳದೆಯೂ ಇರಬಹುದು. ಬಿದ್ದರೂ ಕೆಳಗಿರುವುದು ಲಾವಾ. ಹನಿ ಅದರೊಳಗೆ ಬಿದ್ದರೆ ಸುಟ್ಟೇ ಹೋಯಿತು. ನೆಲದ ಮೇಲೆ ಬಂದ ಘಾಸ್ಟಿಗಾಗಿ ಕಾಯುವ ತಾಳ್ಮೆ ಇದ್ದವರಿಗೆ ಮಾತ್ರ ಅದು ಕೈಗೆ ಸಿಗುತ್ತದೆ. ತಮ್ಮ ಅಣ್ಣನ ಹತ್ತಿರ ಬೇಡುವುದು ಇದಕ್ಕೇ.

ಸಿಕ್ಕ ಕಣ್ಣೀರಿನಿಂದ ಏನು ಮಾಡುತ್ತಾರೆ? ಮೊದಲು ಬ್ರೂಯಿಂಗ್ ಸ್ಟ್ಯಾಂಡ್, ಅಂದರೆ ಔಷಧಿ ಕುದಿಸುವ ಸಾಧನ ಬೇಕು. ಅದು ಬ್ಲೇಜ್ ಎಂಬ ಬೆಂಕಿಯ ಜೀವಿಯಿಂದ ಸಿಗುವ ಒಂದು ಕೋಲು, ಮೂರು ಕಲ್ಲುಗಳಿಂದ ಆಗುತ್ತದೆ. ಅದರಲ್ಲಿ ಮೂರು ನೀರಿನ ಬಾಟಲಿ ಇಡಬೇಕು. ಉರಿಸಲು ಅದೇ ಕೋಲಿನ ಪುಡಿ, ಅಂದರೆ ಬ್ಲೇಜ್ ಪುಡಿ ಹಾಕಬೇಕು, ಒಂದು ಸಲ ಹಾಕಿದರೆ 20 ಸಲ ಕುದಿಸಬಹುದು. ಮೇಲೆ ನೆದರ್ ವಾರ್ಟ್ ಎಂಬ ಕೆಂಪು ಬೆಳೆ ಹಾಕಿದರೆ 20 ಸೆಕೆಂಡಿಗೆ ಒಂದು ಮೂಲ ಕಷಾಯ ತಯಾರು. ಅದನ್ನು ಕುಡಿದರೆ ಏನೂ ಆಗುವುದಿಲ್ಲ. ಆದರೆ ಅದಿಲ್ಲದೆ ಹೆಚ್ಚಿನ ಔಷಧಿಗಳು ಆಗುವುದೇ ಇಲ್ಲ. ಆಮೇಲೆ ಕಣ್ಣೀರು. ಈಗ ಗಾಯ ತಾನಾಗಿ ಮಾಯುವ ಔಷಧಿ ಸಿದ್ಧ, ಅದರ ಪ್ರಭಾವ 45 ಸೆಕೆಂಡು. ಇನ್ನೂ ಜಾಸ್ತಿ ಹೊತ್ತು ಬೇಕಿದ್ದರೆ ರೆಡ್‌ಸ್ಟೋನ್ ಎಂಬ ಕೆಂಪು ಖನಿಜದ ಪುಡಿ ಹಾಕಿ, 90 ಸೆಕೆಂಡು ಆಗುತ್ತದೆ. ಕುಡಿಯುವ ಬದಲು ಗೆಳೆಯನ ಮೇಲೆ ಎಸೆಯಬೇಕಿದ್ದರೆ ಸಿಡಿಮದ್ದಿನ ಪುಡಿ ಸೇರಿಸಿ.

ಅಳುವ ಪ್ರಾಣಿಯ ಕಣ್ಣೀರು ಗಾಯ ಮಾಯಿಸುತ್ತದೆ. ಒಮ್ಮೆ ಕೇಳಿದರೆ ಸಾಕು, ಮರೆಯುವುದಿಲ್ಲ. ಉಳಿದವೂ ಹೀಗೇ. ಮೊಲದ ಕಾಲು ಹಾಕಿದರೆ ಎತ್ತರಕ್ಕೆ ಜಿಗಿಯಬಹುದು. ಪಫರ್ ಮೀನು ಹಾಕಿದರೆ ನೀರಿನೊಳಗೆ ಉಸಿರಾಡಬಹುದು. ಚಿನ್ನದ ಕ್ಯಾರಟ್ ಹಾಕಿದರೆ ಕತ್ತಲಲ್ಲಿ ಕಣ್ಣು ಕಾಣುತ್ತದೆ. ಕ್ಯಾರಟ್ ತಿಂದರೆ ಕಣ್ಣಿಗೆ ಒಳ್ಳೆಯದು ಅಂತ ಅಮ್ಮ ಹೇಳುವ ಮಾತು ಅಲ್ಲಿ ನಿಜವೇ ಆಗಿದೆ! ಹುಳಿಬರಿಸಿದ ಜೇಡದ ಕಣ್ಣು ಮಾತ್ರ ಹಲವು ಔಷಧಿಗಳನ್ನು ಉಲ್ಟಾ ಮಾಡುತ್ತದೆ. ಆರೋಗ್ಯ ಕೊಡುವ ಔಷಧಿಗೆ ಹಾಕಿದರೆ ಹಾನಿ ಮಾಡುವ ಔಷಧಿ, ವೇಗದ ಔಷಧಿಗೆ ಹಾಕಿದರೆ ನಿಧಾನ. ಕತ್ತಲಲ್ಲಿ ಕಾಣುವ ಔಷಧಿಗೆ ಹಾಕಿದರೆ ಕುಡಿದವನೇ ಕಾಣದಂತಾಗುತ್ತಾನೆ. ಇದನ್ನು ಯೋಚಿಸಿದವರನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಆ ತಮ್ಮ ಬದಲಿಗೆ ಕೊಡುತ್ತೇನೆಂದ ಪರ್ಲ್ ಬರುವುದು ಎಂಡರ್‌ಮ್ಯಾನ್ ಎಂಬ ಉದ್ದನೆಯ ಕಪ್ಪು ಜೀವಿಯಿಂದ. ಮುಖ ದಿಟ್ಟಿಸಿ ನೋಡಿದರೆ ಅದಕ್ಕೆ ಸಿಟ್ಟು. ಒಂದು ಕಡೆ ಮಾಯವಾಗಿ ಇನ್ನೊಂದು ಕಡೆ ಪ್ರತ್ಯಕ್ಷವಾಗುವುದು ಅದರ ವಿದ್ಯೆ. ಅದರ ಮುತ್ತನ್ನು ಎಸೆದರೆ ಅದು ಬಿದ್ದಲ್ಲಿಗೆ ನೀವೂ ಹೋಗಿ ನಿಲ್ಲುತ್ತೀರಿ. ಪ್ರಾಣಿಯ ಗುಣ ಅದರ ಮುತ್ತಿನಲ್ಲೂ ಉಳಿದಿದೆ. ಆ ಮುತ್ತಿಗೆ ಬ್ಲೇಜ್ ಪುಡಿ ಸೇರಿಸಿದರೆ ಎಂಡರಿನ ಕಣ್ಣು ಆಗುತ್ತದೆ. ಎಸೆದರೆ ಅದು ಹಾರಿ, ಆಟದ ಕೊನೆಯ ಲೋಕಕ್ಕೆ ಹೋಗುವ ಬಾಗಿಲಿನ ದಿಕ್ಕು ತೋರಿಸುತ್ತದೆ. ಐದರಲ್ಲಿ ಒಂದು ಸಲ ಒಡೆದೂ ಹೋಗುತ್ತದೆ. ಬಾಗಿಲು ತೆರೆಯಲು 12 ಕಣ್ಣು ಬೇಕು. ಅದೃಷ್ಟ ಇದ್ದರೆ ಒಂದೆರಡು ಅಲ್ಲೇ ಮೊದಲೇ ಕೂತಿರುತ್ತವೆ.

ಇನ್ನೊಂದು ದಾರಿ 2017ರಲ್ಲಿ ನಿಂಟೆಂಡೊ ತಂದ 'ಬ್ರೆತ್ ಆಫ್ ದಿ ವೈಲ್ಡ್' ಎಂಬ ಜೆಲ್ಡಾ ಆಟದ್ದು. ಅಲ್ಲಿ ಕೆಲಸವನ್ನು ಎರಡು ಪಾಲು ಮಾಡಿದ್ದಾರೆ. ಹುಳ, ಕಪ್ಪೆ, ಚಿಟ್ಟೆ ಯಾವುದು ಅನ್ನುವುದರ ಮೇಲೆ ಔಷಧಿಯ ಗುಣ. ರಾಕ್ಷಸನ ಕೊಂಬೋ ಹಲ್ಲೋ ಯಾವುದು ಅನ್ನುವುದರ ಮೇಲೆ ಆ ಗುಣ ಎಷ್ಟು ಹೊತ್ತು ಇರುತ್ತದೆ ಅನ್ನುವುದು. ಕಪ್ಪೆಯನ್ನು ಅಕ್ಕಿಯ ಜೊತೆ ಬೇಯಿಸಿದರೆ ಮಾತ್ರ ತಿನ್ನಲಾಗದ ಏನೋ ಒಂದು ಆಗುತ್ತದೆ. ಅದೇ ಆಟದಲ್ಲಿ ಚೂಚೂ ಎಂಬ ಲೋಳೆ ಪ್ರಾಣಿಯ ಜೆಲ್ಲಿ ಸಿಗುತ್ತದೆ, ನೀಲಿ ಬಣ್ಣದ್ದು. ಅದಕ್ಕೆ ಬೆಂಕಿ ತಾಗಿಸಿದರೆ ಕೆಂಪು, ಹಿಮ ತಾಗಿಸಿದರೆ ಬಿಳಿ, ವಿದ್ಯುತ್ ತಾಗಿಸಿದರೆ ಹಳದಿ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಬೆಂಕಿಯ ಬಾಣ ಬಿಟ್ಟಾಗ ಪಕ್ಕದಲ್ಲಿದ್ದ ಜೆಲ್ಲಿ ಬಣ್ಣ ಬದಲಿಸಿದ್ದನ್ನು ಕಣ್ಣಾರೆ ಕಂಡೇ ತಿಳಿಯಬೇಕು.

ಇಂಥ ಕಲ್ಪನೆ ಕಂಪ್ಯೂಟರಿಗಿಂತ ಬಹಳ ಹಳೆಯದು. ಉತ್ತರ ಯುರೋಪಿನ ನಾರ್ಸ್ ಪುರಾಣದಲ್ಲಿ ಫೆನ್ರಿರ್ ಎಂಬ ಭಾರೀ ತೋಳವನ್ನು ಕಟ್ಟಿಹಾಕುವ ಕಥೆ ಬರುತ್ತದೆ. ಎರಡು ಸಲ ದಪ್ಪ ಸರಪಳಿ ಹಾಕಿದರೂ ಅದು ಕಿತ್ತುಹಾಕಿತು. ಆಗ ದೇವತೆಗಳು ಕುಬ್ಜರಿಗೆ ಹೇಳಿ ಗ್ಲೇಪ್ನಿರ್ ಎಂಬ ಪಟ್ಟಿ ಮಾಡಿಸಿದರು, ರೇಷ್ಮೆಯ ಹಾಗೆ ಮೆತ್ತಗಿನದು. ಅದಕ್ಕೆ ಆರು ಸಾಮಗ್ರಿ: ಬೆಕ್ಕಿನ ಹೆಜ್ಜೆಯ ಸಪ್ಪಳ, ಹೆಂಗಸಿನ ಗಡ್ಡ, ಬೆಟ್ಟದ ಬೇರು, ಕರಡಿಯ ನರ, ಮೀನಿನ ಉಸಿರು, ಹಕ್ಕಿಯ ಉಗುಳು. ತೋಳ ಎಷ್ಟು ಎಳೆದರೂ ಅದು ಹರಿಯಲಿಲ್ಲ. ಬೆಕ್ಕು ನಡೆದರೆ ಸಪ್ಪಳ ಆಗುವುದಿಲ್ಲ, ಬೆಟ್ಟಕ್ಕೆ ಬೇರಿಲ್ಲ ಅನ್ನುವುದನ್ನೇ ಆ ಕಥೆ ತನ್ನ ಮಾತಿಗೆ ಸಾಕ್ಷಿಯಾಗಿ ತೋರಿಸುತ್ತದೆ. ನನಗೆ ಅದು ಕೇಳಿಸುವುದು ಹೀಗೆ: ಸಾಮಗ್ರಿ ಖರ್ಚಾಯಿತು, ಲೋಕದಲ್ಲಿ ಇನ್ನು ಅದು ಉಳಿದಿಲ್ಲ.

ನಮ್ಮ ಗ್ರಂಥಿಗೆ ಅಂಗಡಿಗಳೇನು ಕಡಿಮೆಯಾ? ಗೋರೋಚನ ಅಂದರೆ ದನದ ಪಿತ್ತಕೋಶದಲ್ಲಿ ಆಗುವ ಕಲ್ಲು. ಕಸ್ತೂರಿ ಅಂದರೆ ಗಂಡು ಕಸ್ತೂರಿಮೃಗದ ಗ್ರಂಥಿಯಿಂದ ಬಂದದ್ದು. ಮುಂಬಯಿಯಲ್ಲೂ ಕರಾವಳಿಯಲ್ಲೂ ಆಗಾಗ ಪೊಲೀಸರ ಕೈಗೆ ಸಿಕ್ಕಿ ಸುದ್ದಿಯಾಗುವ 'ತಿಮಿಂಗಿಲದ ವಾಂತಿ'ಯೂ ಇದೇ ಜಾತಿಯದು. ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ, ಜೀರ್ಣವಾಗದ ಸ್ಕ್ವಿಡ್ ಎಂಬ ಕಡಲಜೀವಿಯ ಕೊಕ್ಕುಗಳ ಸುತ್ತ ಅದು ಗಟ್ಟಿಯಾಗುತ್ತದೆ. ಸುಗಂಧದ್ರವ್ಯದ ವಾಸನೆ ಬೇಗ ಹಾರಿಹೋಗದಂತೆ ಹಿಡಿದಿಡಲು ಬಳಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ದೇಶದಲ್ಲಿ ಅದನ್ನು ಮಾರುವುದು ಅಪರಾಧ. ಹಾಗಾಗಿ ಪ್ರಾಣಿಯ ಕಣ್ಣೀರಿನಿಂದ ಔಷಧಿ ಅಂದಾಗ ನಮ್ಮ ಅಜ್ಜಿಯಂದಿರು ಅಷ್ಟೇನೂ ಆಶ್ಚರ್ಯಪಡುತ್ತಿರಲಿಲ್ಲ.

ಇನ್ನು ಹುಡುಗರಿಗೆ ತಲೆಬಿಸಿ ಮಾಡುವ ಭಾಗ. ಯಾವುದೇ ಸಾಮಗ್ರಿ ಬೀಳುವ ಸಾಧ್ಯತೆಗೆ ಡ್ರಾಪ್ ರೇಟ್ ಅಂತಾರೆ. ಮೈನ್‌ಕ್ರಾಫ್ಟಿನ ವಿದರ್ ಸ್ಕೆಲಿಟನ್ ಎಂಬ ಕಪ್ಪು ಅಸ್ಥಿಪಂಜರ ತಲೆಬುರುಡೆ ಕೊಡುವ ಸಾಧ್ಯತೆ ಶೇ. 2.5, ಅಂದರೆ 40ರಲ್ಲಿ ಒಂದು. 40 ಹೊಡೆದರೆ ಒಂದು ಗ್ಯಾರಂಟಿ ಅಂತ ಎಲ್ಲರೂ ಓದಿಕೊಳ್ಳುತ್ತಾರೆ. ಅದು ಹಾಗಲ್ಲ. ಒಂದು ಸಲ ಸಿಗದೇ ಇರುವ ಸಾಧ್ಯತೆ 0.975. ಅದನ್ನು 40 ಸಲ ಒಂದಕ್ಕೊಂದು ಗುಣಿಸಿದರೆ ಸುಮಾರು 0.36 ಬರುತ್ತದೆ. ಅಂದರೆ 40 ಹೊಡೆದ ನೂರು ಜನರಲ್ಲಿ ಸುಮಾರು 36 ಜನ ಬರಿಗೈಲಿ ಇರುತ್ತಾರೆ. 100 ಹೊಡೆದ ಮೇಲೂ ನೂರರಲ್ಲಿ ಸುಮಾರು ಎಂಟು ಜನಕ್ಕೆ ಒಂದೂ ಸಿಕ್ಕಿರುವುದಿಲ್ಲ. ಅವರೇನೂ ತಪ್ಪು ಮಾಡಿಲ್ಲ. ಲೆಕ್ಕವೇ ಹಾಗೆ.

ನಮ್ಮ ಹುಡುಗರ ಗುಂಪಿನಲ್ಲಿ ಈ ಮಾತು ಯಾವಾಗಲೂ ಬರುತ್ತದೆ.

"ಮಾಮಾ, ಇಷ್ಟು ಹೊಡೆದಾಯ್ತಲ್ಲ, ಮುಂದಿನದರಲ್ಲಿ ಬಿದ್ದೇ ಬೀಳುತ್ತೆ."

"ಇಲ್ಲ ಪುಟ್ಟ, ಅದಕ್ಕೆ ನೀನು ಎಷ್ಟು ಹೊಡೆದೆ ಅನ್ನೋದೇ ನೆನಪಿಲ್ಲ."

ಪ್ರತಿ ಸಲವೂ ಅದೇ ಶೇ. 2.5, ಹೊಸದಾಗಿ. ಅದೃಷ್ಟ ಬದಲಿಸಬೇಕಿದ್ದರೆ ಕತ್ತಿ ಬದಲಿಸಬೇಕು. ಲೂಟಿಂಗ್ ಎಂಬ ಮಂತ್ರದ ಮೂರನೇ ಹಂತ ಕತ್ತಿಯ ಮೇಲಿದ್ದರೆ ಸಾಧ್ಯತೆ ಶೇ. 5.5ಕ್ಕೆ ಏರುತ್ತದೆ. ವಿದರ್ ಎಂಬ ದೊಡ್ಡ ರಾಕ್ಷಸನನ್ನು ಕರೆಯಲು ಮೂರು ಬುರುಡೆ ಬೇಕು. ಬರೀ ಕತ್ತಿಯಲ್ಲಾದರೆ ಸರಾಸರಿ 120 ಹೊಡೆಯಬೇಕು, ಮಂತ್ರದ ಕತ್ತಿಯಲ್ಲಾದರೆ ಸುಮಾರು 55 ಸಾಕು. ಆ ರಾಕ್ಷಸನನ್ನು ಸೋಲಿಸಿದರೆ ಒಂದು ನೆದರ್ ನಕ್ಷತ್ರ ಸಿಗುತ್ತದೆ. ಅದಕ್ಕೆ ಐದು ಗಾಜು, ಮೂರು ಅಬ್ಸಿಡಿಯನ್ ಎಂಬ ಕಪ್ಪು ಕಲ್ಲು ಸೇರಿಸಿದರೆ ಬೀಕನ್ ದೀಪ. ಶಾಲೆಯಲ್ಲಿ ಸಂಭವನೀಯತೆಯ ಪಾಠ ತಲೆಗೆ ಹತ್ತದ ಹುಡುಗನೂ ಈ ಲೆಕ್ಕವನ್ನು ಊಟದ ತಟ್ಟೆಯ ಮುಂದೆ ಕೂತು ಮಾಡುವುದನ್ನು ನೋಡಿದ್ದೇನೆ. ಗಣಿತದ ಮೇಷ್ಟ್ರುಗಳು ಇದನ್ನು ಯಾಕೆ ಕೈಬಿಟ್ಟಿದ್ದಾರೋ!

ಹೆಸರಿಗೂ ಲೆಕ್ಕಕ್ಕೂ ತಾಳ ತಪ್ಪಿದರೆ ಆಡುವವರಿಗೆ ಸಿಟ್ಟು ಬರುತ್ತದೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆಟದಲ್ಲಿ ಝೆವ್ರಾ ಎಂಬ ಪಟ್ಟೆ ಕುದುರೆಯಂಥ ಪ್ರಾಣಿಯ ಗೊರಸು ತರುವ ಕೆಲಸ ಒಂದಿದೆ. ಪ್ರಾಣಿಗೆ ನಾಲ್ಕು ಕಾಲು ಕಣ್ಣೆದುರೇ ಇವೆ. ಹೊಡೆದರೆ ಎಷ್ಟೋ ಸಲ ಒಂದು ಗೊರಸೂ ಸಿಗುವುದಿಲ್ಲ. ಕಾಲಿದ್ದೂ ಗೊರಸಿಲ್ಲ ಅಂದರೆ ಹೇಗೆ? ಘಾಸ್ಟಿನ ವಿಷಯದಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಕಣ್ಣೀರು ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ಅಪರೂಪದ ವಸ್ತುವಿಗೆ ಅಪರೂಪವಾಗಿರಲು ಒಂದು ಕಾರಣ ಬೇಕು, ಆ ಕಾರಣ ಹೆಸರಿನಲ್ಲೇ ಇದ್ದರೆ ಇನ್ನೂ ಒಳ್ಳೆಯದು.

ಸ್ಕೈರಿಮ್ ಆಟದ ರಸವಿದ್ಯೆ ನನಗೆ ಎಲ್ಲಕ್ಕಿಂತ ಇಷ್ಟ. ಅದೂ 2011ರ ನವೆಂಬರಿನದೇ. ಅಲ್ಲಿ ಪ್ರತಿ ಸಾಮಗ್ರಿಗೂ ನಾಲ್ಕು ಗುಣ, ನಾಲ್ಕೂ ಗುಟ್ಟು. ಬಾಯಿಗೆ ಹಾಕಿ ತಿಂದು ನೋಡಿದರೆ ಮೊದಲನೆಯದು ತಿಳಿಯುತ್ತದೆ. ಉಳಿದವು ಬೆರೆಸಿ ನೋಡಿದ ಮೇಲೆ. ಎರಡೋ ಮೂರೋ ಸಾಮಗ್ರಿ ಬೆರೆಸಬೇಕು, ಅವುಗಳಲ್ಲಿ ಒಂದಾದರೂ ಗುಣ ಸಮಾನವಾಗಿರಬೇಕು. ಇಲ್ಲದಿದ್ದರೆ ಸಾಮಗ್ರಿ ದಂಡ. ಚೀಲದಲ್ಲಿ 50 ಬಗೆಯ ಸಾಮಗ್ರಿ ಇದ್ದರೆ ಎರಡೆರಡರ ಜೋಡಿಗಳೇ 1225 ಆಗುತ್ತವೆ. ಹಾಗಾಗಿ ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಳ್ಳುವವರು ಬಹಳ. ಹೊಲದಲ್ಲಿ ಸಿಗುವ ಸಾದಾ ಗೋಧಿಗೆ ದೈತ್ಯನ ಕಾಲ್ಬೆರಳು ಬೆರೆಸಿದರೆ ಆರೋಗ್ಯ ಹೆಚ್ಚಿಸುವ ಔಷಧಿ. ಆ ಕಾಲ್ಬೆರಳಿನ ಪ್ರಭಾವ ಬಹಳ ಹೊತ್ತು ಇರುತ್ತದೆ, ಆದ್ದರಿಂದ ಅಂಗಡಿಯಲ್ಲಿ ಅದಕ್ಕೆ ಒಳ್ಳೆಯ ಬೆಲೆ. ಕಷ್ಟ ಏನೆಂದರೆ ಕಾಲ್ಬೆರಳಿನ ಮಾಲೀಕ ಗದೆಯಿಂದ ಒಂದು ಏಟು ಕೊಟ್ಟರೆ ನೀವು ಆಕಾಶಕ್ಕೆ ಹಾರುತ್ತೀರಿ. ಅದೇ ಲೋಕದಲ್ಲಿ ನೀರಿನ ದಡದಲ್ಲಿ ನಿರ್ನ್‌ರೂಟ್ ಎಂಬ ಗಿಡ ಬೆಳೆಯುತ್ತದೆ. ಅದು ಮಿನುಗುತ್ತದೆ, ಜೊತೆಗೆ ಗುನುಗುತ್ತದೆ. ಕಣ್ಣಿಗಿಂತ ಮೊದಲು ಕಿವಿಗೆ ಸಿಗುವ ಸಾಮಗ್ರಿ ಅದು. ಹೆಡ್‌ಫೋನ್ ಹಾಕಿಕೊಂಡು ಹೊಳೆಯ ಬದಿಯಲ್ಲಿ ನಡೆಯುವಾಗ ಆ ದನಿ ಜೋರಾಗಿ ಮತ್ತೆ ಕಡಿಮೆಯಾಗುತ್ತಾ ಹೋದರೆ ಗಿಡವನ್ನು ದಾಟಿ ಬಂದೆವು ಅಂತಲೇ ಅರ್ಥ.

ಹತ್ತಾರು ಲಕ್ಷ ಜನ ಒಟ್ಟಿಗೆ ಆಡುವ ಆಟಗಳಲ್ಲಿ ಇನ್ನೊಂದು ತೊಡಕು ಇದೆ. ಎಲ್ಲರೂ ದಿನವಿಡೀ ಸಾಮಗ್ರಿ ಕೂಡಿಹಾಕಿದರೆ ಅದರ ಬೆಲೆ ನೆಲಕಚ್ಚುತ್ತದೆ. ಸೊಸೈಟಿಯ ಟೆರೇಸಿನ ನೀರಿನ ಟ್ಯಾಂಕನ್ನು ನೆನಪಿಸಿಕೊಳ್ಳಿ. ಮೇಲಿನಿಂದ ಬರುವಷ್ಟೇ ಕೆಳಗಿನಿಂದ ಹೋಗುತ್ತಿರಬೇಕು. ಆಟದಲ್ಲಿ ಬರುವ ದಾರಿ ರಾಕ್ಷಸರು, ಗಣಿಗಳು, ಗಿಡಗಳು. ಹೋಗುವ ದಾರಿ ಕ್ರಾಫ್ಟಿಂಗ್. ಕುಡಿದ ಔಷಧಿ ಮುಗಿಯುತ್ತದೆ, ಕತ್ತಿ ಸವೆಯುತ್ತದೆ, ದುರಸ್ತಿಗೆ ಮತ್ತೆ ಸಾಮಗ್ರಿ ಬೇಕು. ವಾರ್‌ಕ್ರಾಫ್ಟಿನಲ್ಲಿ ಮಂತ್ರ ಬಲ್ಲವರು ಬೇಡವಾದ ಮಾಯಾ ಕವಚವನ್ನು ಒಡೆದು ಪುಡಿ, ಸತ್ವ, ಚೂರು ತೆಗೆಯುತ್ತಾರೆ. ಕವಚ ಹೋಯಿತು, ಪುಡಿ ಬಂತು, ಆ ಪುಡಿಯೂ ಇನ್ನೊಂದು ಮಂತ್ರಕ್ಕೆ ಖರ್ಚಾಯಿತು. ಬೆಕ್ಕಿನ ಸಪ್ಪಳವನ್ನು ಖರ್ಚು ಮಾಡಿದ ಕುಬ್ಜರೂ ಮಾಡಿದ್ದು ಇದನ್ನೇ.

ಸಮಯವನ್ನೂ ಬೇಲಿಯ ಹಾಗೆ ಬಳಸುತ್ತಾರೆ. ಟೆರೇರಿಯಾ ಎಂಬ ಆಟದಲ್ಲಿ ನಕ್ಷತ್ರ ಉದುರುವುದು ರಾತ್ರಿ ಮಾತ್ರ, ಬೆಳಗಾಗುವಷ್ಟರಲ್ಲಿ ಹೆಕ್ಕದಿದ್ದರೆ ಮಾಯ. ಮೈನ್‌ಕ್ರಾಫ್ಟಿನ ಫ್ಯಾಂಟಮ್ ಎಂಬ ಹಾರುವ ಭೂತ ಬರುವುದು ನೀವು ಆಟದ ಲೆಕ್ಕದ ಮೂರು ದಿನ ನಿದ್ದೆ ಮಾಡದಿದ್ದರೆ. ಅದರ ರೆಕ್ಕೆಯ ಪೊರೆ ಬೇಕಾದವರು ಬೇಕಂತಲೇ ನಿದ್ದೆಗೆಡುತ್ತಾರೆ. ಆಟದ ಒಂದು ದಿನ ಅಂದರೆ ನಮ್ಮ 20 ನಿಮಿಷ, ಹಾಗಾಗಿ ಅಮ್ಮಂದಿರು ಗಾಬರಿಯಾಗಬೇಕಿಲ್ಲ.

ಈಗ ದುಡ್ಡಿನ ಪ್ರಶ್ನೆಗೆ ಬರುತ್ತೇನೆ. ಮೈನ್‌ಕ್ರಾಫ್ಟ್, ಸ್ಕೈರಿಮ್, ಜೆಲ್ಡಾಗಳಲ್ಲಿ ಆಟ ಕೊಳ್ಳುವಾಗ ಒಮ್ಮೆ ದುಡ್ಡು ಕೊಟ್ಟರೆ ಇಂಥ ಸಾಮಗ್ರಿಗೆ ಮತ್ತೆ ಕೊಡಬೇಕಿಲ್ಲ. ಅಣ್ಣ ತಮ್ಮನ ಕಣ್ಣೀರು-ಮುತ್ತಿನ ವ್ಯಾಪಾರದಲ್ಲಿ ಒಂದು ಪೈಸೆಯೂ ಇಲ್ಲ. ಕೊಳ್ಳಲು ದುಡ್ಡು ಬೇಡದ ಆಟಗಳಲ್ಲಿ ಮಾತ್ರ ಕಣ್ಣಿಡಬೇಕು. 2020ರಲ್ಲಿ ಬಂದ ಗೆನ್ಶಿನ್ ಇಂಪ್ಯಾಕ್ಟನ್ನು ನೋಡಿ. ಅದರ ಸಾಮಗ್ರಿಗಳು ಬಹಳ ಚಂದ, ನಿಜ ಹೇಳಬೇಕು. ಊರಿನ ಮನೆಗಳ ಗೋಡೆಗೆ ಅಂಟಿಕೊಂಡು ಬೆಳೆಯುವ ಅಣಬೆ ಇದೆ. ಹೂವಿನ ವೇಷ ಹಾಕಿ ನೆಲದಲ್ಲಿ ಅವಿತಿರುವ ರಾಕ್ಷಸ ಗಿಡ ಇದೆ, ಕೀಳಲು ಹೋದರೆ ಎದ್ದು ನಿಲ್ಲುತ್ತದೆ. ಒಂದು ಊರಿನ ವಿಶೇಷ ಹೂವನ್ನು ಕಿತ್ತರೆ ಮತ್ತೆ ಬೆಳೆಯಲು ಎರಡು ದಿನ ಬೇಕು, ಇದು ನಮ್ಮ ಗಡಿಯಾರದ ಎರಡು ದಿನ. ಇನ್ನು ಕೆಲವು ಸಾಮಗ್ರಿಗೆ ರೆಸಿನ್ ಎಂಬ ಶಕ್ತಿ ಖರ್ಚು ಮಾಡಬೇಕು. ಅದು ಎಂಟು ನಿಮಿಷಕ್ಕೆ ಒಂದರಂತೆ ತುಂಬುತ್ತದೆ, ಮಿತಿ 200. ಪೂರ್ತಿ ಖಾಲಿಯಾದರೆ ತುಂಬಲು 26 ಗಂಟೆ 40 ನಿಮಿಷ. ಕಾಯಲಾಗದವರು ಆಟದ ರತ್ನ ಕೊಟ್ಟು ಬೇಗ ತುಂಬಿಸಿಕೊಳ್ಳಬಹುದು, ಆ ರತ್ನವನ್ನು ನಿಜವಾದ ದುಡ್ಡಿಗೆ ಕೊಳ್ಳಲೂಬಹುದು. ತಾಳ್ಮೆ ಎಲ್ಲಿ ಮುಗಿಯುತ್ತದೋ ಅಲ್ಲಿ ಅಂಗಡಿ ಶುರು. ಬೆಲ್ಜಿಯಂ 2018ರಲ್ಲೇ ದುಡ್ಡು ಕೊಟ್ಟು ತೆರೆಯುವ ಅದೃಷ್ಟದ ಪೆಟ್ಟಿಗೆಗಳನ್ನು ಜೂಜು ಅಂತ ಪರಿಗಣಿಸಿತು. ನನ್ನ ಪ್ರಕಾರ ಅದು ಸರಿ.

ತಂದೆ-ತಾಯಿಯರಿಗೆ ನಾನು ಹೇಳುವುದು ಇಷ್ಟೇ. ಮಗುವಿನ ಪಕ್ಕ ಕೂತು, "ಇದು ಎಲ್ಲಿ ಸಿಗುತ್ತೆ?" ಅಂತ ಕೇಳಿ. "ನೆದರಿನಲ್ಲಿ, ಲಾವಾ ಪಕ್ಕ, ಘಾಸ್ಟ್ ಬಂದಾಗ" ಅಂತ ಉತ್ತರ ಬಂದರೆ ಸುಮ್ನೆ ಕೂತು ಕಥೆ ಕೇಳಿ. "ಶಾಪಿನಲ್ಲಿ" ಅಂತ ಬಂದರೆ ಫೋನಿನಲ್ಲಿ ಕಾರ್ಡ್ ಸೇವ್ ಆಗಿದೆಯಾ ನೋಡಿ.

ಯಾವ ಕೆಲಸಕ್ಕೂ ಬಾರದಿದ್ದರೂ ಜನ ಸಾಮಗ್ರಿ ಕೂಡಿಸುತ್ತಾರೆ ಅನ್ನುವುದು ಆಟ ಮಾಡುವವರಿಗೂ ಗೊತ್ತು. ಜೆಲ್ಡಾ ಆಟದಲ್ಲಿ ಕೊರೋಕ್ ಎಂಬ ಎಲೆಮುಖದ ಪುಟ್ಟ ವನದೇವತೆಗಳು ಕಲ್ಲಿನಡಿ, ಮರದ ತುದಿಯಲ್ಲಿ, ಬೆಟ್ಟದ ನೆತ್ತಿಯಲ್ಲಿ ಅವಿತಿರುತ್ತವೆ. ಹುಡುಕಿದರೆ ಒಂದು ಬೀಜ ಕೊಡುತ್ತವೆ. ಬೀಜ ಕೊಟ್ಟರೆ ಆಯುಧ ಇಡುವ ಚೀಲ ದೊಡ್ಡದಾಗುತ್ತದೆ. ಚೀಲ ಪೂರ್ತಿ ದೊಡ್ಡದಾಗಲು 441 ಬೀಜ ಸಾಕು. ಆದರೆ ಆಟದಲ್ಲಿರುವುದು 900. ಅಷ್ಟನ್ನೂ ಹುಡುಕಿ ತಂದವರಿಗೆ ಕೊನೆಗೆ ಸಿಗುವ ಬಹುಮಾನ ಲದ್ದಿಯ ಆಕಾರದ ಒಂದು ಬಂಗಾರದ ಮುದ್ದೆ. ಅದರಿಂದ ಏನನ್ನೂ ಮಾಡಲು ಬರುವುದಿಲ್ಲ. 441 ಆದ ಮೇಲೂ ಹುಡುಕುತ್ತಿರುವ ಮಗು ಮನೆಯಲ್ಲಿದ್ದರೆ, ಅದಕ್ಕೆ ಬೇಕಿರುವುದು ಬೀಜವಲ್ಲ, ಆ ಬೆಟ್ಟಗಳಲ್ಲಿ ಇನ್ನೂ ಸ್ವಲ್ಪ ಹೊತ್ತು ಅಡ್ಡಾಡುವುದು. ಅದಕ್ಕೆ ನನ್ನ ಪೂರ್ತಿ ಬೆಂಬಲ ಇದೆ, ಹೋಂವರ್ಕ್ ಮುಗಿದಿದ್ದರೆ.